14 ವರ್ಷ ಹಾಕಿದ ಡಿಎಪಿ ಮಣ್ಣಲ್ಲಿ ಎಲ್ಲಿ ಹೋಯ್ತು?

ಬದುವಿನ ಮೇಲೆ:
ನಮಸ್ಕಾರ. ಒಂದು ಲೆಕ್ಕ ತಲೆ ತಿನ್ನುತ್ತಿದೆ, ಗೊತ್ತಿದ್ದವರು ಬಿಡಿಸಿ.

ಒಂದೇ ಹೊಲಕ್ಕೆ 14 ವರ್ಷದಿಂದ ಎಕರೆಗೆ ಎರಡು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಕೊಡುತ್ತಾ ಬಂದಿದ್ದೇನೆ. ಒಂದು ವರ್ಷವೂ ತಪ್ಪಿಸಿಲ್ಲ. ಬೆಳೆ ಮೆಕ್ಕೆಜೋಳ, ಮಣ್ಣು ಕಪ್ಪು, ರಸಸಾರ (ಪಿಎಚ್) 8.1. ಎರಡು ವರ್ಷದ ಹಿಂದೆ ಮಣ್ಣು ಪರೀಕ್ಷೆ ಮಾಡಿಸಿದಾಗ ಲಭ್ಯ ರಂಜಕ ಹೆಕ್ಟೇರಿಗೆ 110 ಕೆಜಿ ಅಂತ ಬಂತು. ಈ ಸಲ ಬೇರೆ ಲ್ಯಾಬಿಗೆ ಕೊಟ್ಟೆ, 48 ಅಂತ ಬರೆದು ಕೊಟ್ಟಿದ್ದಾರೆ. ನಡುವೆ ಎಕರೆಗೆ ನಾಲ್ಕು ಚೀಲ ಹಾಕಿದ್ದೇನೆ ಸ್ವಾಮಿ! ಹಾಕಿದ್ದು ಏರಬೇಕೋ ಇಳಿಯಬೇಕೋ?

ಒಬ್ಬರು "ಎಲ್ಲಾ ಮಣ್ಣಲ್ಲೇ ಲಾಕ್ ಆಗಿದೆ, ಬೆಳೆಗೆ ಸಿಗ್ತಿಲ್ಲ, ಇನ್ನೊಂದು ಚೀಲ ಏರಿಸು" ಅಂತಾರೆ. ಇನ್ನೊಬ್ಬರು "ಮಣ್ಣು ತುಂಬಿ ತುಳುಕ್ತಿದೆ, ಒಟ್ಟಿಗೇ ನಿಲ್ಲಿಸು" ಅಂತಾರೆ. ಇಬ್ಬರೂ ಅನುಭವಸ್ಥರೇ. ಇಳುವರಿ ಮಾತ್ರ ಎಕರೆಗೆ 25 ಕ್ವಿಂಟಲ್ ಹತ್ತಿರ ಬಂದು ಅಲ್ಲೇ ಬೇರು ಬಿಟ್ಟಿದೆ.

ಕೂರಿಗೆ:
ಅಣ್ಣಾರ, ಲಾಕ್ ಆಗೇತಿ, ಅದರಾಗ ಎರಡು ಮಾತಿಲ್ಲ. ಸುಣ್ಣದ ಅಂಶ ಇರೋ ಮಣ್ಣಾಗ ಡಿಎಪಿ ಹಾಕೋದಂದ್ರ ತೂತಿನ ಕೊಡಕ್ಕ ನೀರು ಸುರಿದಂಗ. ನಮ್ಮಪ್ಪ ಒಂದು ಚೀಲ ಹಾಕ್ತಿದ್ದ, ನಾನು ಎರಡು, ಈಗ ಎರಡೂವರಿ. ಒಂದು ಸಲ ಕಮ್ಮಿ ಮಾಡಿ ನೋಡೀನಿ, ಬೆಳಿ ಹಳದಿ ತಿರುಗಿ ನಿಂತುಬಿಡ್ತು. ಪುಸ್ತಕದ ಮಾತಲ್ಲ, ನನ್ನ ಕಣ್ಣಾರೆ ಕಂಡಿದ್ದು.

ಲ್ಯಾಬಿನವಳು:
"ಬದುವಿನ ಮೇಲೆ" ಅವರೇ, ಗೊಬ್ಬರದ ಮಾತು ಆಮೇಲೆ. ಮೊದಲು ಎರಡೂ ವರದಿ ತೆಗೆದು ಆ ಸಂಖ್ಯೆಯ ತಲೆಯ ಮೇಲಿರುವ ಸಣ್ಣ ಅಕ್ಷರ ಓದಿ. ಒಂದರಲ್ಲಿ ಬರೀ "ಪಿ" ಅಂತಲೂ ಇನ್ನೊಂದರಲ್ಲಿ "ಪಿ2ಓ5" ಅಂತಲೂ ಇದೆಯಾ ನೋಡಿ. ಯಾವ ವಿಧಾನ ಅಂತಲೂ ಬರೆದಿರುತ್ತಾರೆ, ಓಲ್ಸನ್ ಅಥವಾ ಬ್ರೇ.

ಬದುವಿನ ಮೇಲೆ:
ಅಕ್ಕಾ, ಹೌದು! ಹಳೆಯದರಲ್ಲಿ ಪಿ2ಓ5, ಹೊಸದರಲ್ಲಿ ಪಿ. ಎರಡೂ ಓಲ್ಸನ್. ಇದರಲ್ಲಿ ಏನಿದೆ?

ಲ್ಯಾಬಿನವಳು:
ಇದರಲ್ಲೇ ಎಲ್ಲಾ ಇದೆ. ಪಿ2ಓ5 ಅಂದರೆ ರಂಜಕದ ಜೊತೆ ಆಮ್ಲಜನಕವನ್ನೂ ಸೇರಿಸಿ ತೂಗಿದ ಲೆಕ್ಕ. ಚೀಲದ ಮೇಲೆ ಹಾಗೇ ಬರೆಯುವುದು ಹಳೇ ರೂಢಿ. ಬರೀ ರಂಜಕ ಬೇಕಿದ್ದರೆ 2.29ರಿಂದ ಭಾಗಿಸಬೇಕು. 110 ಅನ್ನು ಭಾಗಿಸಿ ನೋಡಿ.

ಬದುವಿನ ಮೇಲೆ:
48.03.

ಎರಡು ವಾರ ನಿದ್ದೆಗೆಟ್ಟಿದ್ದು ಇದಕ್ಕಾ!

ಲ್ಯಾಬಿನವಳು:
ನೀವೊಬ್ಬರೇ ಅಲ್ಲ, ಗೊಬ್ಬರ ಮಾರುವವರೂ ಇದರಲ್ಲಿ ಎಡವುತ್ತಾರೆ. ಇದೇ ಲೆಕ್ಕ ಚೀಲಕ್ಕೂ ಹಾಕಿ. 50 ಕೆಜಿ ಡಿಎಪಿ ಚೀಲದ ಮೇಲೆ 18-46 ಅಂತಿರುತ್ತದೆ, ಅಂದರೆ ನೂರಕ್ಕೆ 18 ಸಾರಜನಕ, 46 ಪಿ2ಓ5. ಪಿ2ಓ5 23 ಕೆಜಿ. ಅದರಲ್ಲಿ ನಿಜವಾದ ರಂಜಕ ಬರೀ 10 ಕೆಜಿ. ಚೀಲಕ್ಕೆ ಹತ್ತು ಅಂತ ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಬಾಯಲ್ಲೇ ಆಗುತ್ತದೆ. ಇನ್ನು ಮುಂದೆ ಈ ಚರ್ಚೆಯಲ್ಲಿ ಎಲ್ಲರೂ ಬರೀ ರಂಜಕದ ಲೆಕ್ಕದಲ್ಲೇ ಮಾತಾಡಿದರೆ ಉಪಕಾರ.

ಬದುವಿನ ಮೇಲೆ:
ಹಾಗಾದರೆ ಪ್ರಶ್ನೆ ಇನ್ನೂ ಗಟ್ಟಿಯಾಯ್ತು. ವರ್ಷಕ್ಕೆ ಎಕರೆಗೆ 20 ಕೆಜಿ ರಂಜಕ, 14 ವರ್ಷಕ್ಕೆ 280. ಎರಡು ವರ್ಷದಲ್ಲಿ ಇಳಿದಿಲ್ಲ, ಸರಿ. ಆದರೆ ಏರಿಯೂ ಇಲ್ಲವಲ್ಲ?

ಹಳೇ ಮೇಷ್ಟ್ರು:
ಒಳ್ಳೇ ಪ್ರಶ್ನೆ. ಜಮಾಖರ್ಚು ಬರೆಯೋಣ. ಏಕದಳ ಧಾನ್ಯ ಒಂದು ಟನ್ ಹೊಲದಿಂದ ಹೊರಗೆ ಹೋದರೆ ಅದರ ಜೊತೆ ಸುಮಾರು 3 ಕೆಜಿ ರಂಜಕ ಹೋಗುತ್ತದೆ. ನಿಮ್ಮ 25 ಕ್ವಿಂಟಲ್‌ಗೆ ಏಳೂವರೆ ಕೆಜಿ. ದಂಟು ಹೊಲದಲ್ಲೇ ಬಿಟ್ಟಿದ್ದೀರಿ ಅಂದುಕೊಳ್ಳುತ್ತೇನೆ. 14 ವರ್ಷಕ್ಕೆ 105 ಕೆಜಿ ಹೊರಗೆ ಹೋಯಿತು. ಹಾಕಿದ್ದು 280. ಸುಮಾರು 175 ಕೆಜಿ ಹೊಲದಲ್ಲೇ ಉಳಿಯಿತು. ನಿಮ್ಮ ವರದಿಯ 48 ಹೆಕ್ಟೇರಿನದು, ಎಕರೆಗೆ ಇಳಿಸಿದರೆ 19 ಕೆಜಿ. ನೀವು ಹುಡುಕುತ್ತಿರುವುದು ಉಳಿದ 150 ಚಿಲ್ಲರೆಯನ್ನು. ಸವೆತದಲ್ಲಿ ಕೊಚ್ಚಿ ಹೋದದ್ದು ಬಿಟ್ಟರೆ ಅದು ಎಲ್ಲೂ ಹೋಗಿಲ್ಲ. ಸಾರಜನಕದ ಹಾಗೆ ಗಾಳಿಗೆ ಹಾರುವ ದಾರಿ ಇದಕ್ಕಿಲ್ಲ. ನಿಮ್ಮ ಕಾಲ ಕೆಳಗೇ ಇದೆ, ಮೇಲಿನ ಒಂದು ಗೇಣು ಮಣ್ಣಿನಲ್ಲಿ.

ಕೂರಿಗೆಯವರ ತೂತಿನ ಕೊಡದ ಹೋಲಿಕೆಗೆ ನನ್ನ ತಕರಾರಿದೆ. ತೂತಿನ ಕೊಡದಿಂದ ನೀರು ಹೊರಗೆ ಹೋಗುತ್ತದೆ. ಇಲ್ಲಿ ಹೊರಗೆ ಹೋಗುವುದಿಲ್ಲ ಅನ್ನುವುದೇ ಸಮಾಚಾರ.

ಒಂದು ಕಾಳನ್ನು ಹಿಂಬಾಲಿಸೋಣ. ಹದವಿರುವ ಮಣ್ಣಿಗೆ ಬಿದ್ದ ಡಿಎಪಿ ಕಾಳು ಸುತ್ತಲಿನ ತೇವ ಎಳೆದುಕೊಂಡು ಕೆಲವೇ ದಿನಗಳಲ್ಲಿ ಕರಗುತ್ತದೆ. ಅದಿದ್ದ ಜಾಗದಲ್ಲಿ ರಂಜಕದ ಗಟ್ಟಿ ಪಾಕ. ಆ ಪಾಕ ಹೊರಕ್ಕೆ ಹರಡುತ್ತದೆ, ಎಷ್ಟು ದೂರ? ಹೆಬ್ಬೆರಳಿನ ಅಗಲ. ಎರಡು ಮೂರು ಸೆಂಟಿಮೀಟರ್ ದಾಟುವುದು ಅಪರೂಪ. ಅಷ್ಟರಲ್ಲಿ ಜೇಡಿ ಕಣದ ಮೈ ಹಿಡಿದುಕೊಳ್ಳುತ್ತದೆ, ಸುಣ್ಣದ ಕಣ ಹಿಡಿದುಕೊಳ್ಳುತ್ತದೆ. ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಮೊದಲು ಡೈಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ, ಅದು ಬೇರಿಗೆ ಇನ್ನೂ ಸಿಗುವಂಥದ್ದೇ. ನಿಧಾನವಾಗಿ ಆಕ್ಟಾಕ್ಯಾಲ್ಸಿಯಂ, ಕೊನೆಗೆ ಅಪಟೈಟ್ ಕಡೆಗೆ ಹೊರಡುತ್ತದೆ. ಅಪಟೈಟ್ ಅಂದರೆ ನಮ್ಮ ಹಲ್ಲು, ಮೂಳೆಯ ಖನಿಜ. ಗಣಿಯಿಂದ ತೆಗೆಯುವ ಶಿಲಾರಂಜಕವೂ ಅದೇ ಜಾತಿ. ಕಾರ್ಖಾನೆಯಲ್ಲಿ ಆಮ್ಲ ಸುರಿದು ಬಿಡಿಸಿದ ಕಲ್ಲು ಹೊಲಕ್ಕೆ ಬಂದು ಮತ್ತೆ ಕಲ್ಲಾಗಲು ಹೊರಟಿರುತ್ತದೆ ಅನ್ನಿ. ಆದರೆ ಆ ಪ್ರಯಾಣ ವರ್ಷಗಳದ್ದು. ನಿಮ್ಮ 150 ಕೆಜಿಯಲ್ಲಿ ದೊಡ್ಡ ಪಾಲು ಈಗಲೂ ದಾರಿಯಲ್ಲೇ ಇದೆ, ಊರು ಮುಟ್ಟಿಲ್ಲ.

ಮೊದಲ ಬೆಳೆ:
ಮೇಷ್ಟ್ರೇ, ಮಧ್ಯೆ ಬಾಯಿ ಹಾಕ್ತೀನಿ. ಕೆಲವೇ ದಿನದಲ್ಲಿ ಕರಗುತ್ತೆ ಅಂದ್ರಿ. ನಾನು ಸಿಂಗಲ್ ಸೂಪರ್ ಫಾಸ್ಫೇಟ್ ಹಾಕಿ ಆರು ವಾರ ಆದಮೇಲೆ ಸಾಲು ಕೆದಕಿ ನೋಡಿದೆ. ಕಾಳು ಕಾಳಾಗೇ ಇದೆ! ಬೆರಳಲ್ಲಿ ಒತ್ತಿದರೆ ಬೂದಿ ಬಣ್ಣದ ಪುಡಿ ಆಗುತ್ತೆ. ಫೋಟೋ ಹಾಕಿದ್ದೇನೆ ನೋಡಿ. ಗೊಬ್ಬರ ನಕಲಿ ಇರಬಹುದಾ?

ಲ್ಯಾಬಿನವಳು:
ನಕಲಿ ಅಂತ ಫೋಟೋ ನೋಡಿ ಹೇಳಕ್ಕಾಗಲ್ಲ, ಅಸಲಿ ಅಂತಲೂ ಹೇಳಕ್ಕಾಗಲ್ಲ. ಆದರೆ ಆ ಕಾಳು ಉಳಿದಿರುವುದು ನಕಲಿಗೆ ಸಾಕ್ಷಿಯಲ್ಲ. ಸೂಪರ್ ಫಾಸ್ಫೇಟ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಜಿಪ್ಸಂ ಇರುತ್ತೆ. ನೀರಲ್ಲಿ ಕರಗುವ ರಂಜಕ ಮೊದಲ ದಿನಗಳಲ್ಲೇ ಹೊರಟು ಹೋಗುತ್ತೆ, ಜಿಪ್ಸಂ ಹಿಂದೆ ಉಳಿಯುತ್ತೆ. ನೀವು ಕೆದಕಿ ನೋಡಿದ್ದು ಹಕ್ಕಿ ಹಾರಿಹೋದ ಗೂಡು.

ಕೂರಿಗೆ:
ಮೇಷ್ಟ್ರ, ದಾರ್‍ಯಾಗ ಐತಿ ಅಂತೀರಿ. ದಾರ್‍ಯಾಗ ಇದ್ರ ಬೆಳಿಗೆ ಸಿಗಬೇಕಲ್ರೀ? ಗೋಡೆ ಒಳಗ ಇಟ್ಟ ದುಡ್ಡು ಸಂತಿಗೆ ಬರಂಗಿಲ್ಲ.

ಹಳೇ ಮೇಷ್ಟ್ರು:
ಇದಕ್ಕೆ ಉತ್ತರ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಬೇರು ಕುಡಿಯುವುದು ಮಣ್ಣಿನ ನೀರಲ್ಲಿ ಕರಗಿರುವ ರಂಜಕವನ್ನು ಮಾತ್ರ. ಅದು ಎಷ್ಟಿರುತ್ತದೆ ಗೊತ್ತೇ? ಸಾಧಾರಣ ಮಣ್ಣಿನ ನೀರಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಅಂತ ಹಿಡಿಯಿರಿ. ಮೇಲಿನ 15 ಸೆಂಟಿಮೀಟರ್ ಮಣ್ಣು ಹದವಾಗಿದ್ದಾಗ ಎಕರೆಗೆ ಸುಮಾರು ಒಂದೂವರೆ ಲಕ್ಷ ಲೀಟರ್ ನೀರು ಹಿಡಿದಿರುತ್ತದೆ. ಗುಣಿಸಿ. ಏಳೆಂಟು ಗ್ರಾಂ. ಎಕರೆಗೆ! ಚಹಾದ ಚಮಚ ಎರಡು. ಆ ಬೆಳೆಗೆ ಕಾಳು, ದಂಟು, ಬೇರು ಎಲ್ಲಾ ಸೇರಿ ಬೇಕಾದದ್ದು ಹತ್ತು ಕೆಜಿ ಹತ್ತಿರ. ಅಂದರೆ ನೂರು ದಿನದಲ್ಲಿ ಆ ಎರಡು ಚಮಚ ಸಾವಿರಕ್ಕೂ ಹೆಚ್ಚು ಸಲ ಖಾಲಿಯಾಗಿ ತುಂಬಬೇಕು, ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ.

ತುಂಬುವವರು ಯಾರು? ನೀವು "ಲಾಕ್" ಅನ್ನುತ್ತೀರಲ್ಲ, ಅದೇ. ನೀರಿನಲ್ಲಿ ರಂಜಕ ಇಳಿದ ಕೂಡಲೇ ಕಣದ ಮೈಮೇಲೆ ಅಂಟಿಕೊಂಡದ್ದು ಬಿಟ್ಟುಕೊಡುತ್ತದೆ. ಅದು ಬಿಟ್ಟ ಜಾಗಕ್ಕೆ ಒಳಗಿನದು ನಿಧಾನವಾಗಿ ಮೇಲೆ ಬರುತ್ತದೆ. ಓಲ್ಸನ್ ಪರೀಕ್ಷೆ ಅಳೆಯುವುದು ಹೆಚ್ಚುಕಡಿಮೆ ಈ ಬೇಗ ಬಿಟ್ಟುಕೊಡುವ ಪಾಲನ್ನು. ಒಳಗಿನ ನಿಧಾನದ್ದು ಅದರಲ್ಲಿ ಕಾಣುವುದಿಲ್ಲ. ಕಾಣುವುದಿಲ್ಲ ಅಂದ ಮಾತ್ರಕ್ಕೆ ಸತ್ತಿಲ್ಲ.

ಇದು ಬಾಯಿಮಾತಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಂದು ಹೊಲವಿದೆ, ಅದರ ಹೆಸರೇ "ಬರಿದಾದ ಹೊಲ" ಅನ್ನುವ ಅರ್ಥದ್ದು. ಅಲ್ಲಿ ಪ್ರಯೋಗ 1856ರಲ್ಲಿ ಶುರುವಾಯಿತು. ಕೆಲವು ತುಂಡುಗಳಿಗೆ ಸೂಪರ್ ಫಾಸ್ಫೇಟ್, ಕೆಲವಕ್ಕೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಏನೂ ಇಲ್ಲ. 1901ಕ್ಕೆ ಎಲ್ಲಾ ನಿಲ್ಲಿಸಿದರು. ಆಮೇಲೆ ಎಂಟು ದಶಕ ಒಂದು ಕಾಳು ರಂಜಕ ಕೊಡಲಿಲ್ಲ, 1986ರಲ್ಲಿ ಹೊಸದಾಗಿ ಕೊಟ್ಟು ಹೋಲಿಸುವವರೆಗೆ. ಅಜ್ಜನ ಕಾಲದ ಗೊಬ್ಬರ ಉಂಡ ತುಂಡುಗಳು ಏನೂ ಕಾಣದ ತುಂಡುಗಳಿಗಿಂತ ದಶಕಗಟ್ಟಲೆ ಹೆಚ್ಚು ಬಾರ್ಲಿ ಕೊಟ್ಟವು. ಲಾಕ್ ಆಗಿದ್ದರೆ ಆ ಬಾರ್ಲಿ ಏನು ತಿಂದು ಬೆಳೆಯಿತು?

ಕೂರಿಗೆ:
ಹಂಗಾರ ಇದು ಬ್ಯಾಂಕಿನಾಗ ಇಟ್ಟ ರೊಕ್ಕ ಅಲ್ರೀ ಸರ, ಬೀಗರಿಗೆ ಕೊಟ್ಟ ಕೈಗಡ. ಬರೋದು ಬರ್ತೈತಿ. ನಾವು ಕೇಳಿದಾಗಲ್ಲ, ಅವರ ಮನಸಿಗೆ ಬಂದಾಗ, ಹತ್ತು ಇಪ್ಪತ್ತರಂಗ.

ಹಳೇ ಮೇಷ್ಟ್ರು:
ಮೂವತ್ತು ವರ್ಷ ಪಾಠ ಮಾಡಿದೆ, ಈ ಹೋಲಿಕೆ ನನಗೆ ಹೊಳೆದಿರಲಿಲ್ಲ. "ಹಾಕಿದ್ದರಲ್ಲಿ ಬೆಳೆಗೆ ಸಿಗುವುದು ನೂರಕ್ಕೆ 10ರಿಂದ 25, ಉಳಿದದ್ದು ನಷ್ಟ" ಅಂತ ಎಲ್ಲೆಡೆ ಓದುತ್ತೇವಲ್ಲ, ಮೊದಲರ್ಧ ನಿಜ, ಎರಡನೆಯ ಅರ್ಧ ತಪ್ಪು. ಅದು ಆ ಒಂದು ಬೆಳೆಯ ಲೆಕ್ಕ. ಹಾಕಿದ ಒಟ್ಟು ಮತ್ತು ಬೆಳೆ ತೆಗೆದ ಒಟ್ಟು ಹಲವು ವರ್ಷ ಕೂಡಿಸಿ ನೋಡಿದರೆ ಬೇರೆಯೇ ಚಿತ್ರ. ಸೈಯರ್ಸ್, ಜಾನ್ಸ್‌ಟನ್, ಕರ್ಟಿನ್ ಮೂವರು 2008ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಇದೇ ಲೆಕ್ಕ ಮಾಡಿಕೊಟ್ಟರು. ಚೆನ್ನಾಗಿ ನೋಡಿಕೊಂಡ ಹೊಲದಲ್ಲಿ ನೂರಕ್ಕೆ 90ರವರೆಗೂ ವಾಪಸು ಬರುತ್ತದೆ ಅಂತ ತೋರಿಸಿದರು. ಬೀಗರು ಅಷ್ಟೇನೂ ಕೆಟ್ಟವರಲ್ಲ.

ತೋಟದ ದಾರಿ:
ಮಾರಾಯ್ರೆ, ನಿಮ್ಮದು ಕಪ್ಪು ಮಣ್ಣಿನ ಬೀಗರು. ನಮ್ಮದು ಕೆಂಪು ಜಂಬಿಟ್ಟಿಗೆ ಮಣ್ಣು, ರಸಸಾರ 4.9. ಇಲ್ಲಿಯ ಬೀಗರು ಕೊಟ್ಟದ್ದನ್ನು ನುಂಗಿ ನೀರು ಕುಡಿಯುವವರು. ಮೊದಲ ನಾಲ್ಕೈದು ವರ್ಷ ಎಷ್ಟು ಸುರಿದರೂ ಪರೀಕ್ಷೆಯಲ್ಲಿ ಸೂಜಿ ಅಲುಗಲಿಲ್ಲ. ಎಲ್ಲಾ ಮಣ್ಣಿಗೂ ಒಂದೇ ಕತೆ ಹೇಳಿಬಿಟ್ಟರೆ ಹೇಗೆ?

ಹಳೇ ಮೇಷ್ಟ್ರು:
ಒಪ್ಪಿದೆ, ನಾನು ಕಪ್ಪು ಮಣ್ಣಿಗೇ ಅಂಟಿಕೊಂಡಿದ್ದೆ. ಹುಳಿ ಮಣ್ಣಿನಲ್ಲಿ ಹಿಡಿಯುವುದು ಸುಣ್ಣವಲ್ಲ, ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡೇ ರಂಜಕಕ್ಕೆ ಬಾಯಿ ತೆರೆದು ಕೂತಿರುವುದು. ಮೊದಲು ಮೈಮೇಲೆ ಅಂಟುತ್ತದೆ, ದಿನ ಕಳೆದಂತೆ ಕಣದ ಒಳಕ್ಕೆ ಇಳಿಯುತ್ತದೆ. ಇಳಿದಷ್ಟೂ ವಾಪಸು ಬರುವುದು ತಡ. ಬಿಸಿಲು ಹೆಚ್ಚಿದ್ದರೆ ಈ ಇಳಿಯುವಿಕೆ ಇನ್ನೂ ಚುರುಕು.

ಆದರೆ ನಿಮಗೂ ಒಂದು ಸಮಾಧಾನ ಇದೆ. ಆ ಹಸಿವಿಗೂ ಕೊನೆ ಉಂಟು. ರಂಜಕ ಕೂತಷ್ಟೂ ಕಣದ ಮೈಯ ಋಣ ವಿದ್ಯುದಂಶ ಹೆಚ್ಚುತ್ತದೆ, ಮುಂದೆ ಬರುವ ಫಾಸ್ಫೇಟನ್ನು ಅದೇ ಹಿಂದಕ್ಕೆ ತಳ್ಳಲು ಶುರು ಮಾಡುತ್ತದೆ. ಆಸ್ಟ್ರೇಲಿಯಾದ ಮಣ್ಣು ವಿಜ್ಞಾನಿ ಬ್ಯಾರೋ ಜೀವಮಾನವಿಡೀ ಹೇಳಿದ್ದು ಇದನ್ನೇ. ಹಾಗಾಗಿ ಮೊದಲ ವರ್ಷದ ಚೀಲಕ್ಕಿಂತ ಹತ್ತನೇ ವರ್ಷದ ಚೀಲ ಬೆಳೆಗೆ ಹೆಚ್ಚು ಸಿಗುತ್ತದೆ. ಹೆಚ್ಚಿನವರು ಮಾಡುವುದು ತಿರುಗುಮುರುಗು: ವರ್ಷ ಕಳೆದಂತೆ "ಲಾಕ್ ಜಾಸ್ತಿಯಾಯ್ತು" ಅಂತ ಡೋಸ್ ಏರಿಸುತ್ತಾರೆ.

ತೋಟದ ದಾರಿ:
ಇದು ಸರಿ ಕಾಣ್ತದೆ. ಏಳನೇ ವರ್ಷದಿಂದ ನಮ್ಮಲ್ಲೂ ಪರೀಕ್ಷೆಯ ಅಂಕೆ ಮೇಲೆ ಬರಲಿಕ್ಕೆ ಶುರುವಾಯ್ತು. ಸುಣ್ಣ ಕೊಟ್ಟದ್ದೂ ಆಗಲೇ, ಯಾವುದರಿಂದ ಅಂತ ಗೊತ್ತಾಗಲಿಲ್ಲ. ಎರಡೂ ಒಟ್ಟಿಗೆ ಮಾಡಿದ್ದು ನನ್ನ ತಪ್ಪು. ಶಿಲಾರಂಜಕ ಹಾಕ್ತಿದ್ದೇನೆ ಈಗ, ಹುಳಿ ಮಣ್ಣೇ ಅದನ್ನು ಕರಗಿಸ್ತದೆ. ಕಪ್ಪು ಮಣ್ಣಿನವರು ನೋಡಿ ಆಸೆ ಪಡಬೇಡಿ. ನಿಮ್ಮಲ್ಲಿ ಅದು ಬರೀ ಜಲ್ಲಿ.

ಸಾವಯವಿ:
ಇಷ್ಟೆಲ್ಲ ಮಣ್ಣಲ್ಲೇ ಇದೆ ಅಂದಮೇಲೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ ಹಾಕಿ ಬಿಡಿಸಿಕೊಳ್ಳಬಹುದಲ್ಲ? ಚೀಲವೇ ಬೇಡ.

ಲ್ಯಾಬಿನವಳು:
ನಾನು ಆ ಬ್ಯಾಕ್ಟೀರಿಯಾದ ತಟ್ಟೆ ನೋಡಿದ್ದೇನೆ, ನೋಡಲು ಬಹಳ ಚೆಂದ. ಬಿಳಿ ಮಬ್ಬಾದ ಅಗರ್ (ಸೂಕ್ಷ್ಮಜೀವಿ ಬೆಳೆಸುವ ಲೋಳೆ) ಮೇಲೆ ಒಂದು ಚುಕ್ಕೆ, ಅದರ ಸುತ್ತ ಉಂಗುರದ ಹಾಗೆ ತಿಳಿ. ಅಷ್ಟು ಜಾಗದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಕರಗಿದೆ ಅಂತ ಅರ್ಥ. ಆದರೆ ತಟ್ಟೆಯಲ್ಲಿ ಅದಕ್ಕೆ ಹೊಟ್ಟೆ ತುಂಬ ಸಕ್ಕರೆ ಕೊಟ್ಟಿರುತ್ತೇವೆ, ಹೊಡೆದಾಡಲು ಬೇರೆ ಜೀವಿಗಳೇ ಇರುವುದಿಲ್ಲ. ಹೊಲದಲ್ಲಿ ಸಕ್ಕರೆಯೂ ಇಲ್ಲ, ಒಂಟಿತನವೂ ಇಲ್ಲ. ಸುಣ್ಣ ಇರುವ ಮಣ್ಣಿನಲ್ಲಿ ಅದು ಬಿಟ್ಟ ಆಮ್ಲ ಅಲ್ಲೇ ತಣ್ಣಗಾಗುತ್ತದೆ. ಕೆಲವೆಡೆ ಫಲ ಕೊಟ್ಟಿದೆ, ಕೆಲವೆಡೆ ಇಲ್ಲ. ಅದನ್ನು ನಂಬಿ ಚೀಲ ಪೂರ್ತಿ ಬಿಡಿ ಅಂತ ನಾನು ಹೇಳಲ್ಲ.

ಬೆಳೆಯೇ ಮಾಡುವ ಕೆಲಸ ಹೆಚ್ಚು ಗಟ್ಟಿ. ತೊಗರಿ ಬೇರಿನಿಂದ ಪಿಸಿಡಿಕ್ ಆಮ್ಲ ಬಿಟ್ಟು ಕಬ್ಬಿಣ ಹಿಡಿದಿಟ್ಟ ರಂಜಕ ಬಿಡಿಸಿಕೊಳ್ಳುತ್ತೆ ಅಂತ 1990ರಲ್ಲೇ ಹೈದರಾಬಾದ್ ಹತ್ತಿರದ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸಾಟ್‌ನಲ್ಲಿ ಕೆಲಸ ಮಾಡಿದವರು ತೋರಿಸಿದರು. ಬೇರಿಗೆ ಅಂಟಿ ಬದುಕುವ ಮೈಕೊರೈಜಾ ಶಿಲೀಂಧ್ರ ಇನ್ನೊಂದು. ಬೇರು ತನ್ನ ಸುತ್ತ ಒಂದೆರಡು ಮಿಲಿಮೀಟರ್ ಮಾತ್ರ ಖಾಲಿ ಮಾಡಬಲ್ಲದು, ಈ ಶಿಲೀಂಧ್ರದ ಎಳೆ ಸೆಂಟಿಮೀಟರ್‌ಗಟ್ಟಲೆ ಆಚೆ ಹೋಗಿ ತರುತ್ತದೆ. ತಮಾಷೆ ಏನಂದರೆ, ರಂಜಕ ಹೆಚ್ಚು ಸುರಿದಷ್ಟೂ ಗಿಡ ಅದನ್ನು ಹತ್ತಿರ ಸೇರಿಸುವುದಿಲ್ಲ.

ಸಾವಯವಿ:
ಕೊಟ್ಟಿಗೆ ಗೊಬ್ಬರದ ರಂಜಕ ಆದರೂ ಲಾಕ್ ಆಗಲ್ಲ ತಾನೇ?

ಲ್ಯಾಬಿನವಳು:
ಅದರಲ್ಲಿರುವ ರಂಜಕದ ಬಹುಪಾಲು ಅಜೈವಿಕ ರೂಪದ್ದೇ, ಅದೂ ಹೋಗಿ ಅದೇ ಕಣಗಳಿಗೇ ಅಂಟುತ್ತದೆ. ಜೊತೆಗೆ ಬಂದ ಸಾವಯವ ಆಮ್ಲಗಳು ಅಂಟುವ ಜಾಗಕ್ಕೆ ಪೈಪೋಟಿ ಕೊಡುತ್ತವೆ, ಅಷ್ಟರಮಟ್ಟಿಗೆ ಲಾಭ. ಇನ್ನೊಂದು ಕಡೆ, ಸಾರಜನಕದ ಲೆಕ್ಕ ಹಿಡಿದು ಕೋಳಿ ಗೊಬ್ಬರ ವರ್ಷ ವರ್ಷ ಸುರಿದವರ ಮಣ್ಣಲ್ಲಿ ಡಿಎಪಿಯವರಿಗಿಂತ ಹೆಚ್ಚು ರಂಜಕ ಕಂಡಿದ್ದೇನೆ. ಬಾಟಲಿಯಲ್ಲಿ ನೀಲಿ ಎಷ್ಟು ಗಾಢವಾಯಿತೆಂದರೆ ನಾಲ್ಕು ಪಟ್ಟು ನೀರು ಬೆರೆಸಿ ಮತ್ತೆ ಓದಬೇಕಾಯಿತು.

ಮೊದಲ ಬೆಳೆ:
ನೀಲಿ ಅಂದ್ರೆ?

ಲ್ಯಾಬಿನವಳು:
ಓ, ಒಳಗಿನ ಮಾತು ಹೊರಗೆ ಬಂತು. 1954ರಲ್ಲಿ ಓಲ್ಸನ್ ತಂಡ ಹೇಳಿಕೊಟ್ಟ ವಿಧಾನವೇ ಇವತ್ತಿಗೂ ನಡೆಯುವುದು. ರಸಸಾರ 8.5ರ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಮಣ್ಣನ್ನು ಅರ್ಧ ಗಂಟೆ ಅಲುಗಾಡಿಸಿ, ಸೋಸಿ, ಮಾಲಿಬ್ಡೇಟ್ ಹಾಕಿದರೆ ನೀಲಿ ಬರುತ್ತದೆ. ರಂಜಕ ಹೆಚ್ಚಿದ್ದಷ್ಟೂ ಗಾಢ ನೀಲಿ. ಬಡ ಮಣ್ಣಿನದು ನೀರಿಗೆ ಇನ್ನೇನು ಬಣ್ಣ ಬಂತೋ ಇಲ್ಲವೋ ಅನ್ನುವ ಹಾಗೆ. ಬ್ರೇ ವಿಧಾನ ಆಮ್ಲದ್ದು, ಹುಳಿ ಮಣ್ಣಿಗೆ ಸರಿ. ಸುಣ್ಣದ ಮಣ್ಣಿಗೆ ಅದನ್ನು ಮಾಡಿದರೆ ಸುಣ್ಣವೇ ಆಮ್ಲವನ್ನು ಕುಡಿದು, ಇರುವ ರಂಜಕವೂ ಇಲ್ಲ ಅಂತ ತೋರಿಸಬಹುದು. ವಿಧಾನದ ಹೆಸರು ನೋಡಿ ಅಂದಿದ್ದು ಅದಕ್ಕೇ.

ಬದುವಿನ ಮೇಲೆ:
ಎಲ್ಲಾ ಓದಿದೆ, ಎರಡೆರಡು ಸಲ. ಈಗ ನೇರ ಕೇಳ್ತೀನಿ: ನಿಲ್ಲಿಸಲೋ, ಹಾಕಲೋ?

ಹಳೇ ಮೇಷ್ಟ್ರು:
ನಿಮ್ಮ 48 ಕೆಜಿ ಅಂದರೆ ಮಣ್ಣಿನ ಕೆಜಿಗೆ ಸುಮಾರು 24 ಮಿಲಿಗ್ರಾಂ. ಹೆಚ್ಚಿನ ಬೆಳೆಗಳಿಗೆ ಓಲ್ಸನ್ 10ರಿಂದ 20ರ ಮೇಲಿದ್ದರೆ ಹೊಸ ರಂಜಕಕ್ಕೆ ಇಳುವರಿ ಏರುವುದು ಅನುಮಾನ. ನೀವು ಅದನ್ನು ದಾಟಿದ್ದೀರಿ. ಮೂರನೇ ಚೀಲದ ಮಾತು ಬಿಟ್ಟುಬಿಡಿ. ಎರಡನೆಯದೂ ಬೇಡ. ಬೆಳೆ ಒಯ್ಯುವುದು ಏಳೂವರೆ, ಒಂದು ಚೀಲದಲ್ಲಿ ಹತ್ತಿದೆ. ಮುಕ್ಕಾಲು ಚೀಲ ಕೊಟ್ಟರೆ ಇದ್ದದ್ದು ಇದ್ದ ಹಾಗೇ ಇರುತ್ತದೆ. ಒಂದೆರಡು ವರ್ಷ ಒಟ್ಟಿಗೇ ಬಿಟ್ಟರೂ ಆಕಾಶ ಕಳಚಿ ಬೀಳುವುದಿಲ್ಲ. ಇಂಗ್ಲೆಂಡಿನದೇ ಇನ್ನೊಂದು ಪ್ರಯೋಗದಲ್ಲಿ, ಸ್ಯಾಕ್ಸ್‌ಮಂಡಮ್‌ನಲ್ಲಿ, ರಂಜಕ ನಿಲ್ಲಿಸಿದ ಮೇಲೆ ಓಲ್ಸನ್ ಅಂಕೆ ಅರ್ಧಕ್ಕೆ ಇಳಿಯಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ರೋಥಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಗೋಧಿ ಹೊಲ 1843ರಿಂದ ನಡೆಯುತ್ತಿರುವುದು. ಅಲ್ಲೂ ಕೆಲವು ತುಂಡುಗಳಲ್ಲಿ ರಂಜಕ ಅತಿಯಾಯಿತು ಅಂತ 2001ರಿಂದ ಹಾಕುವುದನ್ನೇ ನಿಲ್ಲಿಸಿದರು. ನಿಮ್ಮ ಮಣ್ಣು ಬೇರೆ, ಬಿಸಿಲು ಬೇರೆ, ಅದೇ ವೇಗ ಅಂತ ಹೇಳಲಾರೆ. ಅದಕ್ಕೇ ಪರೀಕ್ಷೆ ಬಿಡಬೇಡಿ.

ಇದರಲ್ಲಿ ಒಂದು ಉರುಳಿದೆ. ಡಿಎಪಿ ಇಳಿಸಿದಾಗ ಅದರ ಜೊತೆ ಸಾರಜನಕವೂ ಇಳಿಯುತ್ತದೆ, ಚೀಲಕ್ಕೆ 9 ಕೆಜಿ. ಅದನ್ನು ತುಂಬದಿದ್ದರೆ ಬೆಳೆ ಹಳದಿಯಾಗುತ್ತದೆ, ಬೈಗುಳ ರಂಜಕದ ತಲೆಗೆ ಬರುತ್ತದೆ. ಒಂದು ಚೀಲ ಬಿಟ್ಟರೆ ಸುಮಾರು 20 ಕೆಜಿ ಯೂರಿಯಾ ಸೇರಿಸಿ.

ಕೂರಿಗೆಯವರೇ, ನೀವು ಕಮ್ಮಿ ಮಾಡಿದ ವರ್ಷ ಯೂರಿಯಾ ಸೇರಿಸಿದ್ದಿರಾ?

ಕೂರಿಗೆ:
...ಇಲ್ರೀ.

ಹಳದಿ ಆಗಿದ್ದು ಕೆಳಗಿನ ಎಲಿ. ಈಗ ನೆನಪಾತು.

ಲ್ಯಾಬಿನವಳು:
ಕೆಳಗಿನ ಎಲೆಯಾ! ಅದು ಸಾರಜನಕದ ಕೊರತೆಯದ್ದೇ ಕುರುಹು. ರಂಜಕ ಕಡಿಮೆಯಾದರೆ ಎಲೆ ಕಡು ಹಸಿರಾಗಿ, ಅಂಚಿಗೆ ನೇರಳೆ ಬರುತ್ತೆ, ಗಿಡ ಗಿಡ್ಡಕ್ಕೆ ನಿಲ್ಲುತ್ತೆ. ಅಂದಹಾಗೆ ನಿಮ್ಮ ಹೊಲದ ಮಣ್ಣು ಪರೀಕ್ಷೆ ಎಂದು ಮಾಡಿಸಿದ್ದು?

ಕೂರಿಗೆ:
ಅಕ್ಕಾರ, ಅದೊಂದು ಕೇಳಬ್ಯಾಡ್ರಿ.

ಮೊದಲ ಬೆಳೆ:
ನನ್ನ ಮೆಕ್ಕೆಜೋಳ ಮೂರು ಎಲೆಗೇ ನೇರಳೆ ಆಗಿತ್ತು, ಪರೀಕ್ಷೆಯಲ್ಲಿ ರಂಜಕ "ಹೆಚ್ಚು" ಅಂತಿದೆ. ಅದ್ಹೇಗೆ?

ಹಳೇ ಮೇಷ್ಟ್ರು:
ಮಣ್ಣು ತಣ್ಣಗಿತ್ತೇ? ತಂಪಿನಲ್ಲಿ ಬೇರು ಓಡುವುದಿಲ್ಲ. ರಂಜಕ ಬೇರಿನ ಹತ್ತಿರ ಬರುವ ಪೈಕಿಯಲ್ಲ, ಬೇರೇ ಅದರ ಹತ್ತಿರ ಹೋಗಬೇಕು. ಬಿಸಿಲು ಬಂದ ಮೇಲೆ ತಾನೇ ಹಸಿರಾಗಿದ್ದರೆ ಚಿಂತೆ ಬೇಡ. ಕೆಲವು ತಳಿಗಳು ಹುಟ್ಟಿನಿಂದಲೇ ನೇರಳೆ ತೋರಿಸುತ್ತವೆ. ಇಂಥ ಕಡೆಯೇ ಬಿತ್ತನೆ ಸಾಲಿನಲ್ಲಿ ಸ್ವಲ್ಪ ಗೊಬ್ಬರ ಕೊಡುವುದು ಉಪಯೋಗಕ್ಕೆ ಬರುವುದು. ಬೀಜಕ್ಕೆ ತಾಗಿಸಿ ಅಲ್ಲ, ಪಕ್ಕಕ್ಕೆ ಎರಡು ಇಂಚು, ಕೆಳಕ್ಕೆ ಎರಡು ಇಂಚು. ಡಿಎಪಿ ಕಾಳಿನ ಸುತ್ತ ಅಮೋನಿಯಾ ಎದ್ದು ಮೊಳಕೆ ಸುಡಬಹುದು, ರಸಸಾರ 8 ದಾಟಿದ ಮಣ್ಣಿನಲ್ಲಂತೂ.

ಲ್ಯಾಬಿನವಳು:
"ಬದುವಿನ ಮೇಲೆ" ಅವರೇ, ನನಗೆ ಒಂದು ಅನುಮಾನ ಮೊದಲಿನಿಂದಲೂ ಕೊರೆಯುತ್ತಿದೆ. ಅದೇ ವರದಿಯ ಕೆಳಗೆ ಸತು ಎಷ್ಟಿದೆ? ರಸಸಾರ 8.1, ರಂಜಕ ಏರಿದೆ, ಇಳುವರಿ ನಿಂತಿದೆ. ಗಿಡ ಸಣ್ಣದಿರುವಾಗ ಹೊಸ ಎಲೆಯ ಬುಡದಲ್ಲಿ, ನಡುನರದ ಎರಡೂ ಪಕ್ಕ, ಬಿಳಿಚಿದ ಪಟ್ಟಿ ಕಾಣುತ್ತಾ?

ಬದುವಿನ ಮೇಲೆ:
ಅಕ್ಕಾ ನೀವು ಹೊಲಕ್ಕೆ ಬಂದು ನೋಡಿದ ಹಾಗೆ ಹೇಳ್ತೀರಿ. ಬಿಳಿ ಪಟ್ಟಿ ಪ್ರತಿ ವರ್ಷ ಇರುತ್ತೆ. ತಳಿಯ ಗುಣ ಅಂದುಕೊಂಡಿದ್ದೆ. ಸತು 0.4 ಅಂತಿದೆ, ಪಕ್ಕದಲ್ಲಿ "ಕಡಿಮೆ" ಅಂತ ಬರೆದಿದ್ದಾರೆ.

ಲ್ಯಾಬಿನವಳು:
ಮುಗೀತು. ನಿಮ್ಮ ಬೆಳೆ ಕೇಳುತ್ತಿರುವುದು ಅದನ್ನ. ರಂಜಕ ಅತಿಯಾದಷ್ಟೂ ಗಿಡದಲ್ಲಿ ಸತುವಿನ ಕೊರತೆ ಎದ್ದು ಕಾಣುತ್ತೆ, ಮೈಕೊರೈಜಾ ದೂರ ಸರಿಯುವುದೂ ಅದಕ್ಕೊಂದು ಕಾರಣ. 14 ವರ್ಷ ನೀವು ಊಟ ಬಡಿಸಿದ್ದು ಹೊಟ್ಟೆ ತುಂಬಿದವನಿಗೆ.

ತೋಟದ ದಾರಿ:
ಹೊಟ್ಟೆ ತುಂಬಿದ ಮಣ್ಣಿನ ಇನ್ನೊಂದು ಸಂಗತಿ ಯಾರೂ ಎತ್ತಲಿಲ್ಲ. ಮಳೆಗೆ ಕೊಚ್ಚಿಹೋಗುವ ಮೇಲ್ಮಣ್ಣಿನ ಜೊತೆ ಅದು ಎಲ್ಲಿಗೆ ಹೋಗ್ತದೆ? ಕೆರೆಗೆ. ಕೆನಡಾದಲ್ಲಿ ಒಂದು ಕೆರೆಯ ನಡುವೆ ಪರದೆ ಕಟ್ಟಿ, 1973ರಲ್ಲಿ ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ಮೇಲಿನಿಂದ ತೆಗೆದ ಚಿತ್ರ ನೋಡಿದವರು ಮರೆಯಲಿಕ್ಕಿಲ್ಲ, ರಂಜಕದ ಪಾಲು ಪಾಚಿಗಟ್ಟಿ ಹಸಿರು, ಪರದೆಯ ಈಚೆ ತಿಳಿನೀರು. ಬೆಳೆಗೆ ಲೆಕ್ಕಕ್ಕೇ ಇಲ್ಲದಷ್ಟು ಕೆರೆಗೆ ಹೆಚ್ಚಾಗ್ತದೆ. ಗೊಬ್ಬರ ಮೇಲೆ ಎರಚಿ ಬಿಡುವವರು, ಉಳದೆ ಬಿಡುವವರು ಸ್ವಲ್ಪ ಯೋಚಿಸಿ.

ಬದುವಿನ ಮೇಲೆ (ಐದು ತಿಂಗಳ ನಂತರ):
ಕೇಳಿದ್ದು ನಾನು, ವರದಿ ಕೊಡದೆ ಹೋದರೆ ಸರಿಯಲ್ಲ.

ಹೊಲ ಎಂಟು ಪಟ್ಟಿ ಮಾಡಿದೆ. ಎರಡಕ್ಕೆ ಹಳೆಯ ಎರಡು ಚೀಲ. ಎರಡಕ್ಕೆ ಮುಕ್ಕಾಲು ಚೀಲ. ಎರಡಕ್ಕೆ ರಂಜಕ ಇಲ್ಲ. ಇನ್ನೆರಡಕ್ಕೆ ರಂಜಕ ಇಲ್ಲದೆ ಎಕರೆಗೆ ಹತ್ತು ಕೆಜಿ ಸತುವಿನ ಸಲ್ಫೇಟ್. ಯೂರಿಯಾ ಲೆಕ್ಕ ಹಾಕಿ ಎಲ್ಲಕ್ಕೂ ಒಂದೇ ಸಮ ಸಾರಜನಕ ಮಾಡಿದೆ, ಮೇಷ್ಟ್ರ ಉರುಳು ನೆನಪಿತ್ತು. ಇಪ್ಪತ್ತೈದನೇ ದಿನಕ್ಕೆ ಬದುವಿನ ಮೇಲೆ ನಿಂತು ನೋಡಿದರೆ ಸತುವಿನ ಎರಡು ಪಟ್ಟಿ ಬೇರೆಯೇ ಬಣ್ಣ. ಬಿಳಿ ಪಟ್ಟಿಯ ಎಲೆ ಅಲ್ಲಿ ಹುಡುಕಿದರೂ ಸಿಗಲಿಲ್ಲ. ಎರಡು ಚೀಲ, ಮುಕ್ಕಾಲು, ಸೊನ್ನೆ, ಇವುಗಳಲ್ಲಿ ಯಾವುದು ಯಾವುದು ಅಂತ ಮಗನನ್ನು ಕೇಳಿದೆ. ಮೂರು ಸಲ ಹೇಳಿದ, ಮೂರೂ ಸಲ ತಪ್ಪು. ತೂಗಿದಾಗ ಒಂದೇ ಡೋಸಿನ ಎರಡು ಪಟ್ಟಿಗಳ ನಡುವೆ ಇದ್ದ ವ್ಯತ್ಯಾಸ, ಎರಡು ಚೀಲಕ್ಕೂ ಸೊನ್ನೆಗೂ ಇದ್ದದ್ದಕ್ಕಿಂತ ಹೆಚ್ಚು. ಸತುವಿನ ಪಟ್ಟಿಗಳು ಉಳಿದ ಆರಕ್ಕಿಂತಲೂ ಮುಂದೆ.

ಕೂರಿಗೆ:
ಒಂದು ವರ್ಷದ ಮಾತು ನಂಬಂಗಿಲ್ರೀ. ಬೀಗರು ಮೊದಲನೇ ಕಂತು ಎಲ್ಲರಿಗೂ ಸರಿಯಾಗೇ ಕೊಡ್ತಾರ. ಐದನೇ ವರ್ಷ ಹೇಳ್ರಿ. (ಮಣ್ಣು ಕೊಟ್ಟು ಬಂದೀನಿ. ಅಕ್ಕಾರಿಗೆ ಹೇಳ್ರಿ.)

ಬದುವಿನ ಮೇಲೆ:
ಸೊನ್ನೆಯ ಪಟ್ಟಿಗಳ ತುದಿಗೆ ಕಲ್ಲು ನೆಟ್ಟಿದ್ದೇನೆ, ಐದು ವರ್ಷ ಅಲ್ಲೇ ಇರುತ್ತೆ. ಅಕ್ಕಾ, ಮುಂದಿನ ಸ್ಯಾಂಪಲ್ ಯಾವಾಗ ತೆಗೀಲಿ?

ಲ್ಯಾಬಿನವಳು:
ಹೋದ ಸಲ ತೆಗೆದ ತಿಂಗಳಲ್ಲೇ, ಅದೇ 15 ಸೆಂಟಿಮೀಟರ್ ಆಳಕ್ಕೆ, ಅದೇ ಲ್ಯಾಬಿಗೆ. ಪಟ್ಟಿಗೊಂದು ಚೀಲ, ಒಂದೊಂದಕ್ಕೂ ಹತ್ತು ಹದಿನೈದು ಕಡೆಯ ಮಣ್ಣು ಬೆರೆಸಿ. ಹಳೆಯ ಗೊಬ್ಬರದ ಸಾಲಿನ ಮೇಲೇ ಸಲಿಕೆ ಇಡಬೇಡಿ, ಅಲ್ಲಿ ಇನ್ನೂ ಹೋದ ವರ್ಷದ ಹೆಬ್ಬೆರಳಗಲದ ಪಾಕ ಕೂತಿರುತ್ತೆ. ಚೀಟಿ ಪೆನ್ನಲ್ಲಿ ಬರೆಯಬೇಡಿ, ತೇವಕ್ಕೆ ಅಳಿಸಿಹೋಗುತ್ತೆ. ಪೆನ್ಸಿಲ್.